ಐದೂವರೆಯ ಬಸ್ಸು

ಸುಂಟಿಕೊಪ್ಪದ ನಮ್ಮ ಪ್ರಯೋಗಶಾಲೆಯ ನೋಟ್‌ಬುಕ್ಕಿನಲ್ಲಿ
ಮೂರು ವರ್ಷ ಒಂದೇ ಒಂದು ಸಾಲು ಅಲುಗಲಿಲ್ಲ:
ಹುಳಿಸುವ ಅವಧಿ, ಹದಿನೆಂಟು ಗಂಟೆ.

ಮಿಕ್ಕದ್ದೆಲ್ಲ ಬದಲಾಗುತ್ತಿತ್ತು.
ಒಂದು ತೊಟ್ಟಿ ಹದಿನೇಳು ಡಿಗ್ರಿ, ಒಂದು ಇಪ್ಪತ್ತೆರಡು, ಒಂದು ಇಪ್ಪತ್ತೇಳು.
ನೀರು ಹೆಚ್ಚು, ನೀರು ಕಡಿಮೆ,
ಯೀಸ್ಟ್ ಒಂದು ಚಮಚ, ಎರಡು, ಕೆಲವೊಮ್ಮೆ ಏನೂ ಇಲ್ಲ.
ಸಿಪ್ಪೆ ಕಳಚಿದ ಅರೇಬಿಕಾ ಬೀಜ
ಲೋಳೆಯಲ್ಲಿ ಮುಳುಗಿ ರಾತ್ರಿಯಿಡೀ ಗುಳುಗುಳು ಎನ್ನುತ್ತಿತ್ತು,
ಕೇಳಲು ಯಾರೂ ಇರುತ್ತಿರಲಿಲ್ಲ.
ಬೆಳಿಗ್ಗೆ ಹತ್ತಕ್ಕೆ ತೊಳೆದೆವು, ಒಣಗಿಸಿದೆವು, ಹುರಿದೆವು,
ಸೊರ್ರೆಂದು ಹೀರಿ, ಉಗಿದು, ಅಂಕ ಕೊಟ್ಟೆವು.
ಪ್ರತಿ ಸಲ ತಂಪಿನ ತೊಟ್ಟಿಯೇ ಗೆದ್ದಿತು.
ತಂಪೇ ಸರಿ ಎಂದು ವರದಿ ಬರೆದೆ.
ಕೆಳಗೆ ನನ್ನ ಸಹಿ ಇದೆ, ಸೀಲೂ ಇದೆ.

ಹೊಸದಾಗಿ ಸೇರಿದ ಯತೀನ್ ಕೇಳಿದ:
ಮೇಡಂ, ಹದಿನೆಂಟೇ ಯಾಕೆ?

ಹಳೆಯ ಫೈಲುಗಳಲ್ಲಿ ಉತ್ತರವಿರಲಿಲ್ಲ.
ನಿವೃತ್ತರಾಗಿ ಅಮ್ಮತ್ತಿಯಲ್ಲಿರುವ ಮಾಚಯ್ಯನವರಿಗೆ ಫೋನ್ ಮಾಡಿದೆ.
ಅವರು ಕೆಮ್ಮು ಬರುವಷ್ಟು ನಕ್ಕರು.
ಐದೂವರೆಗೆ ಮಡಿಕೇರಿ ಬಸ್ಸಲ್ಲವಾ.
ನಾಲ್ಕಕ್ಕೆ ತೊಟ್ಟಿ ತುಂಬಿಸಿ ಹೊರಟರೆ
ಮರುದಿನ ಹತ್ತಕ್ಕೆ ಎಷ್ಟಾಯಿತು, ಲೆಕ್ಕ ಹಾಕು.
ಕತ್ತಲಾದ ಮೇಲೆ ಗೇಟಿನ ಹತ್ತಿರ ಆನೆ ಬೇರೆ.

ಸ್ಥಿರ ಎಂದು ನಾನು ಮೂರು ವರ್ಷ ನಂಬಿದ್ದು
ಒಬ್ಬ ಡ್ರೈವರನ ಕೈಗಡಿಯಾರವನ್ನು.

ಪುತ್ತರಿಯ ಕದಿರು ತೆಗೆಯಲು
ಎಂಟು ನಲವತ್ತೋ, ಒಂಬತ್ತು ಹತ್ತೋ ಎಂದು ನಿಮಿಷ ಹಿಡಿದು
ಕೋವಿ ಎತ್ತಿಕೊಂಡು ಕಾಯುವ ನಾಡು ನಮ್ಮದು.
ಗದ್ದೆಗೆ ಒಂದು ಹೊತ್ತುಂಟು.
ತೊಟ್ಟಿಗೂ ಇರಬಹುದೆಂದು ತೋಚಿರಲಿಲ್ಲ.

ಜನವರಿಯ ಒಂದು ರಾತ್ರಿ ಉಳಿದೆವು.
ಯತೀನ್, ನಾನು, ತೊಟ್ಟಿಯ ಕೆಲಸದ ಬೊಳ್ಳಿ,
ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ, ಎರಡು ಕಂಬಳಿ.
ಎರಡು ಗಂಟೆಗೊಮ್ಮೆ ಮಾದರಿ, ಎರಡು ಗಂಟೆಗೊಮ್ಮೆ ಹುಳಿಯ ಅಳತೆ.
ಹನ್ನೆರಡಕ್ಕೆ ಬೊಳ್ಳಿ ಗೋಡೆಗೊರಗಿ ಗೊರಕೆ ಹೊಡೆದಳು.
ಮೂರಕ್ಕೆ ಎದ್ದು, ಯಾರೂ ಹೇಳದೆ,
ಬೆಚ್ಚನೆಯ ತೊಟ್ಟಿಗೆ ಕೋಲು ಚುಚ್ಚಿ ಹೊರಗೆಳೆದಳು.
ತೂತು ಮುಚ್ಚಿಕೊಳ್ಳಲಿಲ್ಲ, ಹಾಗೇ ನಿಂತಿತು.
ಮುಷ್ಟಿಯಲ್ಲಿ ಬೀಜ ಉಜ್ಜಿದಳು, ಜಲ್ಲಿಕಲ್ಲಿನ ಸದ್ದು.
ಆಯಿತು, ಅಂದಳು.
ನಿನ್ನೆಯೂ ಈ ಹೊತ್ತಿಗೇ ಆಗಿರಬೇಕು.
ನಾನು ಮನೆಯಲ್ಲಿದ್ದೆ. ನೀವೂ.

ಬೆಳಗಾಗುವಾಗ ಯತೀನ್ ಗೆರೆ ಎಳೆದ.
ಬೆಚ್ಚನೆಯದು ಹನ್ನೊಂದನೇ ಗಂಟೆಗೆ ತುದಿ ಮುಟ್ಟಿ
ಆಗಲೇ ಇಳಿಜಾರಿನಲ್ಲಿತ್ತು.
ಇಪ್ಪತ್ತೆರಡರದ್ದು ಹದಿನಾಲ್ಕಕ್ಕೆ.
ತಂಪಿನದು ಇನ್ನೂ ತಡಿಯಂಡಮೋಳ್ ಹತ್ತುವವನಂತೆ
ನಿಂತು ನಿಂತು ಮೇಲೇರುತ್ತಿತ್ತು.
ಮೂರು ಗೆರೆ, ಒಂದನ್ನೊಂದು ದಾಟುವ ಜಾಗ ಬೇರೆ ಬೇರೆ.
ಹತ್ತು ಗಂಟೆಗೆ ಬಂದು ನಾವು ಬಹುಮಾನ ಕೊಡುತ್ತಿದ್ದದ್ದು
ಓಟ ಮುಗಿಸಿ ಸುಸ್ತಾಗಿ ಮಲಗಿದವರ ಪಕ್ಕದಲ್ಲಿ
ಇನ್ನೂ ನಡೆಯುತ್ತಿದ್ದವನಿಗೆ.

ಹಲವು ವಾರದ ನಂತರ ಹನ್ನೊಂದನೇ ಗಂಟೆಯ ಬೀಜ ಹುರಿದೆವು.
ಕೊಡಗಿನ ಕಿತ್ತಳೆಯ ಸಿಪ್ಪೆ ಚಿವುಟಿದಾಗ
ಕಣ್ಣಿಗೆ ಹಾರುತ್ತದಲ್ಲ, ಆ ಪರಿಮಳ.
ಉಗಿಯಲು ಮನಸ್ಸಾಗದೆ ನುಂಗಿಬಿಟ್ಟೆ.

ಈಗ ಯತೀನನಿಗೆ ಗಂಟೆಗೊಂದು ಮಾದರಿ ಬೇಕಂತೆ.
ಜೀಪಿಗೆ, ರಾತ್ರಿಯ ಕೂಲಿಗೆ ದುಡ್ಡು ಯಾರಪ್ಪ ಕೊಡುವುದು, ಅಂದೆ.
ತೊಟ್ಟಿಯ ಹೊತ್ತು ಒಂದು, ನಮ್ಮ ಹೊತ್ತು ಒಂದು,
ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಕು.
ಬೊಳ್ಳಿ ಬೆರಳು ಮಡಚಿ ಎಣಿಸಿದಳು:
ಬೆಳಿಗ್ಗೆ ಐದಕ್ಕೆ ತುಂಬಿಸಿ,
ನಾಲ್ಕಕ್ಕೆ ತೊಳೆಯಬಹುದು, ಬಸ್ಸೂ ಸಿಗುತ್ತದೆ.
ಐದಕ್ಕೆ ಯಾರು ಬರುತ್ತಾರೆ, ಎಂದು ಕೇಳಿದೆ.
ಐದಕ್ಕೂ ಆನೆ ಇರುತ್ತದೆ, ಎಂದು ನಕ್ಕಳು.

ಹಳೆಯ ವರದಿಯನ್ನು ಹೊಡೆದುಹಾಕಲಿಲ್ಲ.
ತಂಪೇ ಸರಿ ಎಂಬ ಸಾಲಿನ ಪಕ್ಕ
ಪೆನ್ಸಿಲಿನಲ್ಲಿ ಸಣ್ಣಗೆ ಬರೆದೆ:
ಬೆಳಿಗ್ಗೆ ಹತ್ತಕ್ಕೆ ನೋಡಿದರೆ.